ಆರು ವರ್ಷಕ್ಕೆ ಮುನ್ನ ಯಾರ ಹೊಣೆ?

ಎಂಟು ತಿಂಗಳಾದರೂ ಮಗುವಿನ ಕುತ್ತಿಗೆ ನಿಲ್ಲದಿದ್ದಾಗ, ಕರೆದರೆ ಅದು ತಿರುಗಿ ನೋಡದಿದ್ದಾಗ ಮೊದಲು ಕಳವಳಗೊಳ್ಳುವವಳು ತಾಯಿ. "ಇವನ ಅಪ್ಪನೂ ತಡವಾಗಿಯೇ ಮಾತು ಕಲಿತದ್ದು, ಕಾಯೋಣ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹೀಗೆ ಕಾಯುವುದರಲ್ಲಿಯೇ ಎರಡು ಮೂರು ವರ್ಷಗಳು ಸಂದುಹೋಗುತ್ತವೆ. ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲವೂ ಅದೇ ಆಗಿರುತ್ತದೆ.

ಈ ಅವಧಿಯಲ್ಲಿ ಸರಕಾರದ ನೆರವು ಎಷ್ಟಿದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ತೀವ್ರ ನ್ಯೂನತೆಯುಳ್ಳ ಮಕ್ಕಳು ಮನೆಯಲ್ಲಿಯೇ ಶಿಕ್ಷಣ ಪಡೆಯಬಹುದೆಂದು 2012ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿ, 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿತು. ಆದರೆ ಆ ಹಕ್ಕು ಆರಂಭವಾಗುವುದೂ 6ನೆಯ ವರ್ಷದಿಂದಲೇ.

ಪತ್ತೆಹಚ್ಚುವ ವ್ಯವಸ್ಥೆ ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಬಾರಿ ತಪಾಸಣೆ ಮಾಡಬೇಕು. 2018ರ ಯೋಜನೆಯಂತೆ ಆಶಾ ಕಾರ್ಯಕರ್ತೆಯರು ಮಗುವಿನ 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಮನೆಗೇ ಬರಬೇಕು. ಅಂಗನವಾಡಿಗಳಿಗೂ 2023ರಲ್ಲಿ ವಿಶೇಷ ಮಾರ್ಗಸೂಚಿ ಹೊರಟಿದೆ. ತೊಡಕಿರುವುದು ಪತ್ತೆಯಾದ ನಂತರ. ಚಿಕಿತ್ಸೆಗೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಬಸ್ಸಿನ ಖರ್ಚು, ಕಳೆದುಹೋಗುವ ದಿನಗೂಲಿ, ಮಗುವನ್ನು ಎತ್ತಿಕೊಂಡು ಹೋಗುವ ಆಯಾಸ, ಇವುಗಳಿಂದ ಸೋತು ಅರ್ಧದಲ್ಲಿಯೇ ನಿಲ್ಲಿಸುವ ಬಡ ಕುಟುಂಬಗಳುಂಟು.

ಇಂಥದೇ ತೊಡಕಿಗೆ 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಎಂಬ ಊರು ಒಂದು ಉತ್ತರವನ್ನು ಕಂಡುಕೊಂಡಿತು. ಅಲ್ಲಿಯೂ ಹಳ್ಳಿಗಳು ದೂರ ದೂರ. ಆದ್ದರಿಂದ ಶಿಕ್ಷಕಿಯೇ ವಾರಕ್ಕೊಮ್ಮೆ ಮನೆಗೆ ಹೋಗಿ, ಮುಂದಿನ ವಾರಕ್ಕೆ ಒಂದೆರಡು ಸಣ್ಣ ಗುರಿಗಳನ್ನು ಗೊತ್ತುಮಾಡಿ, ಅವುಗಳನ್ನು ಸಾಧಿಸುವ ಬಗೆಯನ್ನು ತಂದೆತಾಯಿಯರಿಗೆ ಕಲಿಸುತ್ತಿದ್ದಳು. ಅದೇ ಪದ್ಧತಿ ಮುಂದೆ ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಹರಡಿತು. ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಗಂಜಿ ಉಣಿಸುವಾಗ ಮಗುವನ್ನು ಆಧಾರ ಕೊಟ್ಟು ನೆಟ್ಟಗೆ ಕೂರಿಸುವುದು, ಸ್ನಾನದ ವೇಳೆ ಕೈ, ಕಾಲು, ಮೂಗೆಂದು ಹೆಸರಿಸುವುದು, ಚೆಂಡು ಕೊಡುವ ಮುನ್ನ ಮಗು ದನಿ ತೆಗೆಯಲೆಂದು ತುಸು ಕಾಯುವುದು, ಇವೆಲ್ಲವೂ ಪಾಠಗಳೇ.

ಆದರೆ ಮನೆಯೇ ಪಾಠಶಾಲೆಯಾಗಲೆಂದು ಹೇಳಿ ಭಾರವನ್ನೆಲ್ಲ ತಾಯಿಯ ತಲೆಗೆ ಹೊರಿಸುವುದು ನ್ಯಾಯವಲ್ಲ. ತಂದೆಯೂ ಅಜ್ಜ ಅಜ್ಜಿಯರೂ ಕಲಿಯಬೇಕು. ಕಿವಿ, ಕಣ್ಣುಗಳ ಪರೀಕ್ಷೆಯನ್ನು ತಜ್ಞರೇ ಮಾಡಬೇಕು. ಮನೆಭೇಟಿಯು ವೈದ್ಯಕೀಯ ಸೇವೆಗೆ ಪೂರಕವೇ ಹೊರತು ಅಗ್ಗದ ಬದಲಿಯಲ್ಲ.

ನಮ್ಮ ಸಮುದಾಯವೂ ಆತ್ಮಪರಿಶೀಲನೆ ಮಾಡಿಕೊಳ್ಳಬೇಕಾಗಿದೆ. ದೀಕ್ಷಾಸ್ನಾನದ ದಿನ ನೆಂಟರಿಷ್ಟರಿಂದ ತುಂಬಿದ್ದ ಮನೆ, ಮಗುವಿನ ನ್ಯೂನತೆ ತಿಳಿದ ಬಳಿಕ ಬರಿದಾಗುವುದೇಕೆ? ಹರಕೆ ಹೊರುವುದು ತಪ್ಪಲ್ಲ. ಹರಕೆಯ ಹೆಸರಿನಲ್ಲಿ ಪರೀಕ್ಷೆಯನ್ನು ಮುಂದೂಡುವುದು ತಪ್ಪು. ವಾಳೆಯ ಗುರಿಕಾರರಿಗೆ ಪ್ರತಿ ಮನೆಯ ಪರಿಚಯವಿದೆ. ನಮ್ಮ ನಡುವೆ ನಿವೃತ್ತ ಶಿಕ್ಷಕಿಯರಿದ್ದಾರೆ, ದಾದಿಯರಿದ್ದಾರೆ. ಇವರಲ್ಲಿ ಕೆಲವರು ತರಬೇತಿ ಪಡೆದು ವಾರಕ್ಕೆ ಒಂದು ಗಂಟೆ ಅಂಥ ಮನೆಯೊಂದರಲ್ಲಿ ಕಳೆಯಬಾರದೇ? ಮಗುವನ್ನು ಒಂದಿಷ್ಟು ಹೊತ್ತು ನೋಡಿಕೊಂಡು, ತಾಯಿ ನಿಶ್ಚಿಂತೆಯಿಂದ ಭಾನುವಾರದ ಪೂಜೆಗೆ ಹೋಗಿ ಬರುವಂತೆ ಮಾಡುವುದೂ ದೊಡ್ಡ ಸೇವೆಯೇ.

ಕಾನೂನು ಆರು ವರ್ಷದವರೆಗೆ ಕಾಯಬಹುದು. ಮಗು ಕಾಯಲಾರದು.