ಬಿಗಿದ ಬಾಯಿಯ ಎಚ್ಚರಿಕೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪೆಂದರೆ ಬದುಕು. ಆದುದರಿಂದ ತಂಬಾಕಿನ ಕೇಡನ್ನು ಕುರಿತ ಮಾತು ಬೆಳೆಗಾರನ ಮೇಲಣ ಆಕ್ಷೇಪವೆಂದೇ ಇಲ್ಲಿ ಕೇಳಿಸುವುದು ಸಹಜ. ನನ್ನ ಮಾತು ಬೆಳೆಯನ್ನು ಕುರಿತದ್ದಲ್ಲ. ಸೊಪ್ಪು ಹದಗೊಳಿಸುವ ಬ್ಯಾರನ್ನಿಗೆ ಸೌದೆಯೊಡ್ಡುತ್ತ ನಿದ್ದೆಗೆಡುವವನ ದವಡೆಯಲ್ಲಿರುವ ಅಡಕೆಚೂರನ್ನು ಕುರಿತದ್ದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿಯೇ ಅಡಕೆಯನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. ಅದರಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಕೆನ್ನೆಯ ಒಳಪದರದಲ್ಲಿ ಕೊಲಾಜನ್ ನಾರನ್ನು ಮಿತಿಮೀರಿ ಬೆಳೆಸಿದರೆ, ತಾಮ್ರಾಂಶವು ಆ ನಾರುಗಳನ್ನು ಹೆಣೆದು ಬಿಗಿಯುವ ಕಿಣ್ವಕ್ಕೆ ಬಲವೀಯುತ್ತದೆ. ಕೆನ್ನೆ ಬಿಳಿಚಿ, ಗಡುಸಾಗಿ, ಖಾರ ತಾಳದೆ, ಕಡೆಗೆ ಮುದ್ದೆಯ ತುತ್ತಿಗೂ ಬಾಯಿ ತೆರೆಯದಾಗುತ್ತದೆ. ಈ ಗಡಸುತನ ರೋಗದ ಕುರುಹು ಮಾತ್ರವಲ್ಲ, ಅದರ ಪೋಷಕವೂ ಆಗಬಲ್ಲದು: ಜೀವಕೋಶವು ಸುತ್ತಣ ಬಿಗಿತವನ್ನು ತನ್ನ ಪೊರೆಯ ಇಂಟೆಗ್ರಿನ್ ಎಂಬ ಪ್ರೋಟೀನುಗಳಿಂದ ಅರಿತು, ಯಾಪ್ ಎಂಬ ಪ್ರೋಟೀನನ್ನು ಕೋಶಕೇಂದ್ರಕ್ಕೆ ಕಳುಹಿ, ವೃದ್ಧಿಯನ್ನೂ ಸಾವಿನಿಂದ ನುಣುಚುವಿಕೆಯನ್ನೂ ಪ್ರಚೋದಿಸುವ ಜೀನುಗಳನ್ನು ಎಬ್ಬಿಸುತ್ತದೆ. ಮುಂದೆ ಕ್ಯಾನ್ಸರ್ ಗಡ್ಡೆಯಾದರೆ, ಅದು ಬಿಗಿದಷ್ಟೂ ರಕ್ತನಾಳಗಳು ಅದುಮಲ್ಪಟ್ಟು ಔಷಧದ ಪ್ರವೇಶವೇ ದುಸ್ತರವಾಗುತ್ತದೆ.

2013ರಲ್ಲಿ ರಾಜ್ಯವು ಗುಟ್ಕಾವನ್ನು ನಿಷೇಧಿಸಿತು. ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು ಗಿರಾಕಿಯ ಅಂಗೈಯಲ್ಲಿಯೇ ಕೂಡಿದವು. ಆದುದರಿಂದ ನಿಷೇಧಕ್ಕಿಂತ ಬಾಯಿಯ ತಪಾಸಣೆ ಇಂದು ಹೆಚ್ಚು ಫಲಕಾರಿ. ತನ್ನ ಮೂರು ಬೆರಳುಗಳನ್ನು ನೆಟ್ಟಗೆ ಜೋಡಿಸಿ ಹಲ್ಲುಗಳ ನಡುವೆ ಇಡಲಾಗದವನನ್ನು ದಂತವೈದ್ಯರು ಪರೀಕ್ಷಿಸಲೇಬೇಕು. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾತ್ರವಲ್ಲದೆ, ರೈತರು ತಾವಾಗಿ ನೆರೆಯುವ ಹೊಗೆಸೊಪ್ಪಿನ ಹರಾಜು ಕೇಂದ್ರಗಳಲ್ಲಿಯೂ ಈ ಪರೀಕ್ಷೆ ನಡೆಯಬೇಕು. ಒಮ್ಮೆ ಬಿಗಿದ ನಾರು ಪೂರ್ಣವಾಗಿ ಸಡಿಲುವುದು ವಿರಳವಾದುದರಿಂದ, ಅಡಕೆಯನ್ನು ಬಿಡಿಸುವ ಸಮಯ ಬಾಯಿ ಇನ್ನೂ ತೆರೆಯುತ್ತಿರುವಾಗಲೇ.