ಕಳ್ಳನಿಗೆ ಬೀಗ ಹಾಕಿದೆವು, ಬೆಂಕಿಗೆ?

ಗಣೇಶನ ಹಬ್ಬದ ಬೆಳಿಗ್ಗೆ. ಕರಿಗಡುಬಿಗೆ ಬಾಣಲೆ ಇಟ್ಟಿದ್ದೆ. ಅಷ್ಟರಲ್ಲಿ ಊರಿಂದ ಅಕ್ಕನ ಫೋನ್. ಎರಡೇ ಮಾತು ಅಂದುಕೊಂಡದ್ದು ಹತ್ತು ನಿಮಿಷವಾಯಿತು. ಅಡುಗೆಮನೆಗೆ ಬಂದು ನೋಡಿದರೆ ಎಣ್ಣೆಗೇ ಬೆಂಕಿ! ಕೈಗೆ ಸಿಕ್ಕ ಚೊಂಬಿನ ನೀರು ಎತ್ತಿದ್ದೆ ಅಷ್ಟೇ, ಹಿಂದಿನಿಂದ ಅತ್ತೆ ಕೂಗಿದರು: “ನೀರು ಹಾಕ್ಬೇಡ ಕಣೇ! ಮೊದ್ಲು ಗ್ಯಾಸ್ ಆಫ್ ಮಾಡು!” ಅವರೇ ದೊಡ್ಡ ಸ್ಟೀಲ್ ತಟ್ಟೆಯನ್ನು ಪಕ್ಕದಿಂದ ಸರಿಸಿ ಬಾಣಲೆ ಮುಚ್ಚಿದರು. ಬೆಂಕಿ ಆರಿತು. ಪೂರ್ತಿ ತಣ್ಣಗಾಗುವವರೆಗೆ ತಟ್ಟೆ ಮುಟ್ಟಲು ಬಿಡಲಿಲ್ಲ.

ಉರಿಯುವ ಎಣ್ಣೆಗೆ ನೀರು ಬಿದ್ದರೆ ಅದು ತಳಕ್ಕಿಳಿದು ಕ್ಷಣದಲ್ಲಿ ಆವಿಯಾಗುತ್ತದೆ, ಎಣ್ಣೆಯನ್ನು ಬೆಂಕಿಯ ಸಮೇತ ಮೇಲಕ್ಕೆ ಎರಚುತ್ತದೆ. ಬಿಎ ಓದಿದ ನನಗೆ ಗೊತ್ತಿರದಿದ್ದದ್ದು ನಾಲ್ಕನೇ ಕ್ಲಾಸಿನ ಅತ್ತೆಗೆ ಗೊತ್ತಿತ್ತು!

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಂಕಿ ಪರದೆಗೆ ಹತ್ತಿ ಹಾಲ್‌ಗೆ ಬಂದಿದ್ದರೆ ಯಾವ ದಾರಿಯಲ್ಲಿ ಹೋಗುತ್ತಿದ್ದೆವು? ಮುಂಬಾಗಿಲು ಅಡುಗೆಮನೆಯ ಪಕ್ಕದಲ್ಲೇ ಇದೆ. ಎಲ್ಲ ಕಿಟಕಿಗೂ ಗ್ರಿಲ್. ಹಿಂದಿನ ಬಾಲ್ಕನಿಯಿಂದ ಮೆಟ್ಟಿಲಿಗೆ ಇಳಿಯುವ ಗ್ರಿಲ್ ಬಾಗಿಲಿಗೆ ದೊಡ್ಡ ಬೀಗ. ಅದರ ಕೀ? ನಮ್ಮ ಯಜಮಾನರ ಆಫೀಸ್ ಬ್ಯಾಗಿನಲ್ಲಿ!

ಬೆಳಿಗ್ಗೆ ಹೇಳಿದರೆ, “ಕಳ್ಳರು ಬಂದ್ರೆ ಏನ್ಮಾಡ್ತೀಯ?” ಅಂದರು. ನಮ್ಮೆಲ್ಲರ ಮನೆ ಕಟ್ಟಿರುವುದೂ ಇದೇ ಲೆಕ್ಕದಲ್ಲಿ ಅಲ್ಲವೇ? ಕಳ್ಳ ಒಳಗೆ ಬರಬಾರದು ಅಂತ ಯೋಚಿಸುತ್ತೇವೆ, ನಾವು ಹೊರಗೆ ಹೋಗಬೇಕಾದೀತು ಅಂತ ಯೋಚಿಸುವುದಿಲ್ಲ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರಿದ್ದರು. ಅದು ಆಫೀಸ್ ಕಟ್ಟಡ ನಿಜ, ಆದರೆ ಹೊಗೆಗೆ ಮನೆ, ಆಫೀಸು ಅನ್ನುವ ಭೇದವಿಲ್ಲ. ಎಷ್ಟೋ ಸಲ ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆಯೇ. ಅದು ಮೇಲೇರುವುದರಿಂದ ನೆಲಕ್ಕೆ ಬಗ್ಗಿ ತೆವಳಬೇಕು, ದಾಟಿ ಬಂದ ಬಾಗಿಲನ್ನು ಮುಚ್ಚಿಕೊಂಡು ಹೋಗಬೇಕು, ಲಿಫ್ಟ್ ಹತ್ತಲೇಬಾರದು.

ಅಗ್ನಿಶಾಮಕ ದಳದವರು ಬರುತ್ತಾರಲ್ಲ ಅಂತೀರಾ? ಬಂದೇ ಬರುತ್ತಾರೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗಿನ ಬೆಂಕಿ ಆರಿಸಲು ಹೋಗಿ ಸ್ಫೋಟದಲ್ಲಿ ಪ್ರಾಣ ಕೊಟ್ಟ ಅವರ ಹಿರಿಯರ ನೆನಪಿಗೇ ಪ್ರತಿವರ್ಷ ಆ ದಿನದಿಂದ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆದರೆ ನಮ್ಮ ಗಲ್ಲಿಯ ಎರಡೂ ಕಡೆ ಕಾರು ನಿಂತಿದ್ದರೆ ಅವರ ದೊಡ್ಡ ಗಾಡಿ ನುಗ್ಗುವುದೆಲ್ಲಿ? ಬಂದ ಮೇಲೂ ನಮ್ಮ ಗ್ರಿಲ್ ಕತ್ತರಿಸುತ್ತಾ ನಿಲ್ಲಬೇಕು. ಅವರು ಬರುವವರೆಗಿನ ಆ ಕೆಲವು ನಿಮಿಷ ನಮ್ಮದೇ. “ಇಷ್ಟಕ್ಕೆಲ್ಲ ಯಾಕೆ ಫೋನ್” ಅಂತ ಸಂಕೋಚಪಟ್ಟು ತಡಮಾಡಬೇಡಿ. ಮೊದಲು ಹೊರಗೆ ಬನ್ನಿ, ಕೂಡಲೇ 101 ಅಥವಾ 112ಕ್ಕೆ ಮಾಡಿ.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ, ಎಕ್ಸಾಸ್ಟ್ ಫ್ಯಾನ್ ಕೂಡ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿಕೊಂಡಿರುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಮನೆಯಿಂದ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಈಗ ನಮ್ಮನೆಯಲ್ಲಿ ಬಾಲ್ಕನಿಯ ಕೀ ಗ್ರಿಲ್ ಪಕ್ಕದ ಗೋಡೆಯ ಮೊಳೆಗೆ ನೇತಾಡುತ್ತಿದೆ. ಹೊರಗಿನವರ ಕೈಗೆ ಎಟುಕದು, ನನ್ನ ಆರು ವರ್ಷದ ಮಗಳಿಗೆ ಎಟುಕುತ್ತದೆ. ಕಣ್ಣು ಮುಚ್ಚಿಕೊಂಡು ಬೀಗ ತೆಗೆಯುವ ಆಟವನ್ನು ಅವಳಿಗೆ ಕಲಿಸಿದ್ದೇನೆ. ಯಜಮಾನರೂ ಒಂದು ದಿನ ಆಡಿ ನೋಡಿದರು, ಮೂರು ಸಲ ಸೋತರು! ಆಮೇಲೆ ಕಳ್ಳರ ಮಾತೆತ್ತಲಿಲ್ಲ.

ಇವತ್ತು ಮಲಗುವ ಮುಂಚೆ ನೀವೂ ಒಮ್ಮೆ ನೋಡಿಕೊಳ್ಳಿ. ನಿಮ್ಮನೆ ಕೀ ಎಲ್ಲಿದೆ?