ಬಣ್ಣದ ಬದುಕಿಗೆ ಹತ್ತು ಉದ್ಯೋಗ. 15 ವರ್ಷದ ಲೆಕ್ಕ ಕೊಡುವುದು ಹೇಗೆ?

ಜಯಸಿಂಗಪುರ: ವಯಸ್ಸಾದ ಕಲಾವಿದರಿಗೆ ಮಹಾರಾಷ್ಟ್ರ ಸರ್ಕಾರ ಕೊಡುವ ಮಾನಧನ 2024ರಲ್ಲಿ ತಿಂಗಳಿಗೆ 5,000 ರೂಪಾಯಿ ಆಯಿತು. ಅದಕ್ಕೂ ಮೊದಲು ಅ, ಬ, ಕ ಎಂದು ಮೂರು ದರ್ಜೆಗಳಿದ್ದವು. ಕೊನೆಯ ‘ಕ’ ದರ್ಜೆಯವರ ಕೈಗೆ ಬರುತ್ತಿದ್ದುದು 2,250 ರೂಪಾಯಿ. ಈಗ ದರ್ಜೆ ಹೋಗಿದೆ, ಯೋಜನೆಗೆ ರಾಜರ್ಷಿ ಶಾಹು ಮಹಾರಾಜರ ಹೆಸರು ಬಂದಿದೆ. ಶಿರೋಳ, ಹಾತಕಣಂಗಲೆ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮನೆಗಳಲ್ಲೂ ನಾಟಕ, ಪಾರಿಜಾತ, ಭಜನೆ ಅಂತ ಆಯುಷ್ಯ ಕಳೆದ ಹಿರಿಯರಿದ್ದಾರೆ. ಈ ಹಣ ಅವರಿಗೂ ಸಲ್ಲಬೇಕಾದದ್ದೇ.

ಆದರೆ ಸಲ್ಲುವ ದಾರಿ ಅಷ್ಟು ಸರಳ ಇಲ್ಲ. ಅರ್ಜಿದಾರರು ಮಹಾರಾಷ್ಟ್ರದ ರಹಿವಾಸಿ ಆಗಿರಬೇಕು, ವಯಸ್ಸು 50 ದಾಟಿರಬೇಕು. ಇವೆರಡಕ್ಕೆ ಕಾಗದಪತ್ರ ಹೊಂದಿಸುವುದು ಅಷ್ಟು ಕಷ್ಟವಲ್ಲ. ತೊಡಕು ಇರುವುದು ಮೂರನೆಯದರಲ್ಲಿ. ಕನಿಷ್ಠ 15 ವರ್ಷ ಕಲೆಯ ಸೇವೆ ಮಾಡಿದ್ದಕ್ಕೆ ಪುರಾವೆ ಬೇಕು. ನಾಟಕದವರ 15 ವರ್ಷ ಒಂದೇ ಕಡೆ ಗಂಟು ಕಟ್ಟಿ ಇಟ್ಟಿರುವುದಿಲ್ಲ. ಎರಡು ವರ್ಷ ಹೆಣ್ಣುಪಾತ್ರ, ನಾಲ್ಕು ವರ್ಷ ಪೇಟಿ ಬಾರಿಸುವುದು, ಆಮೇಲೆ ಪರದೆ ಬರೆಯುವುದು, ಮಳೆಗಾಲ ಬಂತೆಂದರೆ ಇಚಲಕರಂಜಿಯ ಯಂತ್ರಮಗ್ಗ ಇಲ್ಲವೇ ಹೊಲದ ಕೂಲಿ. ಇಂಥವರನ್ನು ಏನೆಂದು ಕರೆಯಬೇಕು? ನಟ ಎನ್ನಬೇಕೋ, ಪೇಂಟರ್ ಎನ್ನಬೇಕೋ, ಕೂಲಿಕಾರ ಎನ್ನಬೇಕೋ?

ಮಾಸ್ತರ, ಗುಮಾಸ್ತ, ನಾಟಕಕಾರ

ಈ ಪ್ರಶ್ನೆ ಹೊಸದಲ್ಲ. ಈ ಭಾಗದಲ್ಲಿ ರಂಗಭೂಮಿ ಹುಟ್ಟಿದ್ದೇ ಹೀಗೆ ನಾಲ್ಕು ಕೆಲಸ ಮಾಡುವವರ ಕೈಯಲ್ಲಿ. ಕರ್ನಾಟಕದ ಕರಾವಳಿಯ ಭಾಗವತರ ಮೇಳ 1842ರಲ್ಲಿ ಸಾಂಗ್ಲಿಗೆ ಬಂದು ಆಡಿದ ಆಟ ನೋಡಿ, ಮರುವರ್ಷ ‘ಸೀತಾ ಸ್ವಯಂವರ’ ಆಡಿಸಿದ ವಿಷ್ಣುದಾಸ ಭಾವೆ ಮರದ ಗೊಂಬೆ ಮಾಡುವುದರಲ್ಲಿ ಪಳಗಿದವರು. ಮರಾಠಿ ಸಂಗೀತ ನಾಟಕದ ಜನಕ ಎನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಮಾಸ್ತರಕಿ ಮಾಡಿದರು, ಪೊಲೀಸ್ ಖಾತೆಯಲ್ಲಿದ್ದರು, ಪುಣೆಯ ಕಂದಾಯ ಕಮಿಷನರ್ ಕಚೇರಿಯಲ್ಲಿ ನೌಕರಿ ಮಾಡಿದರು. 1880ರಲ್ಲಿ ‘ಶಾಕುಂತಲ’ ರಂಗಕ್ಕೆ ಬಂದದ್ದು ಇದೆಲ್ಲದರ ನಡುವೆ. ‘ಶಾರದಾ’ ಬರೆದ ಗೋವಿಂದ ಬಲ್ಲಾಳ ದೇವಲರು ಸಾಂಗ್ಲಿ ಪಕ್ಕದ ಹರಿಪುರದವರು. ಅವರೂ ಬೆಳಗಾವಿಯಲ್ಲಿ ಶಾಲೆ ಕಲಿಸಿದವರೇ. ಅಂದರೆ ಪಗಾರ ಒಂದು ಕಡೆ, ನಾಟಕ ಇನ್ನೊಂದು ಕಡೆ. ಇಂದು ಕೊಲ್ಹಾಪುರ ಕೇಂದ್ರದ ಹವ್ಯಾಸಿ ನಾಟ್ಯಸ್ಪರ್ಧೆಯಲ್ಲಿ ಬಣ್ಣ ಹಚ್ಚುವ ಬ್ಯಾಂಕಿನವರು, ಎಸ್.ಟಿ.ಯವರು, ಶಿಕ್ಷಕರು ನಡೆಯುತ್ತಿರುವುದೂ ಅದೇ ಹಾದಿಯಲ್ಲಿ. ಕಾಮಗಾರ ಕಲ್ಯಾಣ ಮಂಡಳಿಯ ನಾಟ್ಯಸ್ಪರ್ಧೆಯಂತೂ ಗಿರಣಿ, ಕಾರ್ಖಾನೆಯ ಕೆಲಸಗಾರರಿಗಾಗಿಯೇ ಇರುವುದು.

ಪರದೆಯ ಹಿಂದಿನಿಂದ ಹೋದವರು

ಬಣ್ಣದ ಬದುಕು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಎನ್ನುವುದಕ್ಕೆ ಕೊಲ್ಹಾಪುರಕ್ಕಿಂತ ಬೇರೆ ಉದಾಹರಣೆ ಬೇಡ. ಬಾಬುರಾವ್ ಮೇಸ್ತ್ರಿ ಮತ್ತು ಅವರ ಸೋದರ ಸಂಬಂಧಿ ಆನಂದರಾವ್ ನಾಟಕ ಮಂಡಳಿಗಳಿಗೆ ಪರದೆ ಬರೆದುಕೊಡುತ್ತಿದ್ದರು. ಅರಮನೆ, ಕಾಡು, ಬೀದಿ ಬರೆಯುತ್ತ ‘ಪೇಂಟರ್’ ಎನ್ನುವುದೇ ಅಡ್ಡಹೆಸರಾಯಿತು. ಚಲಚ್ಚಿತ್ರದ ಹುಚ್ಚು ಹತ್ತಿದ ಮೇಲೆ ಕ್ಯಾಮೆರಾವನ್ನೂ ತಾವೇ ಕಟ್ಟಲು ಕುಳಿತರು. ಆನಂದರಾವ್ 1916ರಲ್ಲಿ ತೀರಿಕೊಂಡರು. ಬಾಬುರಾವ್ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿ 1920ರಲ್ಲಿ ‘ಸೈರಂಧ್ರಿ’ ತೆರೆಗೆ ತಂದರು. ಆ ಕಂಪನಿಗೆ ಸೇರಿಕೊಂಡ ಹುಡುಗರಲ್ಲಿ ವ್ಹಿ. ಶಾಂತಾರಾಮ ಒಬ್ಬರು. ಕೊಲ್ಹಾಪುರದ ಈ ಹುಡುಗ ಮೊದಲು ಗಂಧರ್ವ ನಾಟಕ ಮಂಡಳಿಯಲ್ಲಿದ್ದವನು. ಮುಂದೆ ಹುಬ್ಬಳ್ಳಿಗೆ ಹೋಗಿ ರೈಲ್ವೆ ಕಾರ್ಖಾನೆಯಲ್ಲಿ ದುಡಿದ, ತಗಡಿನ ಸಿನೆಮಾ ಮಂದಿರದಲ್ಲಿ ಸಣ್ಣಪುಟ್ಟ ಕೆಲಸ ಮಾಡಿದ, ಬೋರ್ಡು ಬರೆದ. ಆಮೇಲೆ ‘ಪ್ರಭಾತ’.

ಹುಬ್ಬಳ್ಳಿ ಹೆಸರು ಇಲ್ಲಿ ಸುಮ್ಮನೆ ಬಂದಿಲ್ಲ. ಕೊಲ್ಹಾಪುರದ ಕೇಶವರಾವ್ ಭೋಸಲೆ ತಮ್ಮ ‘ಲಲಿತಕಲಾದರ್ಶ’ ಮಂಡಳಿಯನ್ನು 1908ರ ಜನವರಿ 1ರಂದು ಕಟ್ಟಿದ್ದು ಹುಬ್ಬಳ್ಳಿಯಲ್ಲಿ. ಆಗ ಅವರಿಗೆ 18 ವರ್ಷ ತುಂಬಿರಲಿಲ್ಲ. ಅಷ್ಟರೊಳಗೆ ಬಾಲನಟ, ಸ್ತ್ರೀಪಾತ್ರದ ಗಾಯಕ, ಈಗ ಮಾಲಕ! ಮರಾಠಿ ಮಂಡಳಿ ಕನ್ನಡ ನೆಲದಲ್ಲಿ ಹುಟ್ಟಿತು ಎಂದು ಆಗ ಯಾರೂ ತಕರಾರು ಎತ್ತಿದಂತಿಲ್ಲ.

ಕನ್ನಡದ ಕಡೆಯಿಂದ ಬಂದವರ ಕಥೆಯೂ ಇದೇ. ಬೀಳಗಿಯ ಅಕ್ಕತಂಗಿಯರಲ್ಲಿ ಅಮೀರಬಾಯಿ ರಂಗದಿಂದ ಹಿಂದಿ ಸಿನೆಮಾ ಹಾಡಿಗೆ ಹೋದರು, ಗೋಹರಬಾಯಿ ಬಾಲಗಂಧರ್ವರ ಮಂಡಳಿಯಲ್ಲಿ ನಾಯಕಿಯಾದರು. ಮಲ್ಲಿಕಾರ್ಜುನ ಮನಸೂರರು ಹುಡುಗರಿದ್ದಾಗ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದರು. ಅಲ್ಲಿ ಕೇಳಿದ ಅಪ್ಪಯ್ಯಸ್ವಾಮಿ ಶಿಷ್ಯನನ್ನಾಗಿ ಮಾಡಿಕೊಂಡರು. ನಂತರದ ಗುರು ನೀಲಕಂಠಬುವಾ, ನಮ್ಮ ಮಗ್ಗುಲಿನ ಮಿರಜಿನವರು. ಮುಂದೆ ರೆಕಾರ್ಡ್ ಕಂಪನಿ, ಧಾರವಾಡ ಆಕಾಶವಾಣಿ, ವಿಶ್ವವಿದ್ಯಾಲಯ. ಕಂಪನಿ ಬಾಗಿಲಿನಿಂದ ಒಳಗೆ ಹೋದ ಹುಡುಗ ಎಲ್ಲೆಲ್ಲೋ ಹೊರಗೆ ಬಂದ. 103ರ ವಯಸ್ಸಿನಲ್ಲಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಮಾತ್ರ ಕಡೆತನಕ ರಂಗದವರೇ. ಆದರೆ ಅವರೂ ಮೊದಲು ಸ್ತ್ರೀಪಾತ್ರ, ಆಮೇಲೆ ಬಸವಣ್ಣ, ಜೊತೆಗೆ ಹಾಡುಗಾರಿಕೆ, ಕಂಪನಿ ಮಾಲಕಿ, ಸಾಲದ ಲೆಕ್ಕ ಎಲ್ಲ ನೋಡಿದವರು.

ಜಮಾ ಬಾಜು, ಖರ್ಚಿನ ಬಾಜು

ಇವರೆಲ್ಲ ಹೆಸರಾದವರು. ಇವರ 15 ವರ್ಷಕ್ಕೆ ಯಾರೂ ದಾಖಲೆ ಕೇಳುವುದಿಲ್ಲ. ಪ್ರಶ್ನೆ ಇರುವುದು ಹಳ್ಳಿ ನಾಟಕದ ಮಂದಿಯದು.

ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ಜಾತ್ರೆ ಬಂತೆಂದರೆ ಊರ ಹುಡುಗರು ನಾಟಕ ಹೂಡುತ್ತಾರೆ. ಪಟ್ಟಿ ಎತ್ತುತ್ತಾರೆ. ದೊಡ್ಡ ಪಾತ್ರ ಬೇಕಾದವ ಹೆಚ್ಚು ಹಾಕಬೇಕು, ನಾಯಕನದು ಎಲ್ಲಕ್ಕಿಂತ ಜಾಸ್ತಿ. ಎರಡು ಮೂರು ತಿಂಗಳು ತಾಲೀಮು ಮಾಡಿಸಲು ಮಾಸ್ತರ ಬರುತ್ತಾರೆ. ಅವರೇ ಪೇಟಿ ಬಾರಿಸುವವರು, ಅವರೇ ಹಾಡು ಕೂಡಿಸುವವರು, ಆಟದ ರಾತ್ರಿ ಪಕ್ಕದಲ್ಲಿ ನಿಂತು ಮಾತು ಎತ್ತಿಕೊಡುವವರೂ ಅವರೇ. ಹೆಣ್ಣು ಪಾತ್ರಕ್ಕೆ ಕಲಾವಿದೆಯರು ಪರ ಊರಿನಿಂದ ಬರುತ್ತಾರೆ. ಸೀನ್ಸು, ಲೈಟು, ಮೈಕು ಬಾಡಿಗೆಗೆ.

ಈ ಆಟದ ಕಿರ್ದಿ ಬಿಚ್ಚಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಊರ ನಟರೆಲ್ಲ ಜಮಾ ಬಾಜು. ಅವರು ರೊಕ್ಕ ಕೊಟ್ಟು ಪಾತ್ರ ಮಾಡುವವರು. ಮಾಸ್ತರ, ಕಲಾವಿದೆ, ಸೀನ್ಸಿನವ, ಬಣ್ಣದವ ಖರ್ಚಿನ ಬಾಜು. ನಾಟಕವೇ ಹೊಟ್ಟೆಪಾಡು ಆಗಿರುವುದು ಈ ಬಾಜುವಿನವರಿಗೆ. ಆದರೆ ಹ್ಯಾಂಡ್‌ಬಿಲ್ಲಿನಲ್ಲಿ ಫೋಟೊ ಬರುವುದು ಜಮಾ ಬಾಜುವಿನವರದು. ನಾಳೆ ಪುರಾವೆ ಕೇಳಿದರೆ ಒಂದು ಹಂಗಾಮು ಗದೆ ಹಿಡಿದು ಮನೆಗೆ ಹೋದವನ ಹತ್ತಿರ ಫೋಟೊ ಇರುತ್ತದೆ, ಮೂವತ್ತು ಊರಿಗೆ ನಾಟಕ ಕಲಿಸಿದ ಮಾಸ್ತರರ ಹತ್ತಿರ ಏನೂ ಇರುವುದಿಲ್ಲ. ರೊಕ್ಕ ಕೈಯಿಂದ ಕೈಗೆ, ರಸೀದಿ ಇಲ್ಲ, ಮಸ್ಟರ್ ಇಲ್ಲ.

ಕಲಾವಿದೆಯರ ಸ್ಥಿತಿ ಇನ್ನೂ ಬಿಗಿ. ನಾಯಕಿ ಪಾತ್ರಕ್ಕೆ ಕರೆ ಬರುವುದು ಕೆಲವೇ ವರ್ಷ. ಆಮೇಲೆ ಅತ್ತಿಗೆ, ತಾಯಿ, ಅತ್ತೆ. ಕರೆ ಕಡಿಮೆಯಾದ ಮೇಲೆ ಸೀರೆ, ಸರಾ, ಟೋಪನ್ ಬಾಡಿಗೆಗೆ ಕೊಡುವುದು, ಇಲ್ಲವೇ ಹೊಲಿಗೆ ಮಶೀನು. ಗಡಿಯಲ್ಲಿ ಎರಡೂ ಭಾಷೆ ಬಲ್ಲವರಿಗೆ ಅಷ್ಟರಮಟ್ಟಿಗೆ ಅನುಕೂಲ, ಈ ಕಡೆಯ ಮರಾಠಿ ಆಟಕ್ಕೂ ಹೋಗಬಹುದು. ಜನ ರಂಗಕ್ಕೆ ಹತ್ತಿ ಆಯೇರಿ ಮಾಡುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಕೂಗುವುದು ಕೊಟ್ಟವನ ಹೆಸರನ್ನು!

ತಮಾಶಾ ತಂಬುಗಳಲ್ಲೂ ಬೇರೆ ನಡೆಯುವುದಿಲ್ಲ. ಹಗಲು ತಂಬು ಹೊಡೆಯುವವನೇ ರಾತ್ರಿ ಸೋಂಗು ಹಾಕುವುದುಂಟು. ಟಿವಿ ಧಾರಾವಾಹಿ ಬಂದ ಮೇಲೆ ಕೊಲ್ಹಾಪುರದವರಿಗೆ ಹೊಸ ಬಾಗಿಲು ತೆರೆಯಿತು. 2016ರಲ್ಲಿ ಶುರುವಾದ ‘ತುಝ್ಯಾತ ಜೀವ ರಂಗಲಾ’ದ ಚಿತ್ರೀಕರಣ ಹತ್ತಿರದ ವಸಗಡೆಯಲ್ಲೇ ನಡೆಯಿತು. ಕ್ಯಾಮೆರಾ ಎದುರಿಗೆ ನಿಂತವರಷ್ಟೇ ಮಂದಿ ಹಿಂದೆ ದುಡಿದರು. ಧಾರಾವಾಹಿ ಮುಗಿದ ದಿನ ಆ ಕೆಲಸವೂ ಮುಗಿಯುತ್ತದೆ ಎಂಬುದು ಬೇರೆ ಮಾತು.

ಬೆಂಕಿ ಸುಟ್ಟಿದ್ದು ಕಟ್ಟಡವಷ್ಟೇ ಅಲ್ಲ

2024ರ ಆಗಸ್ಟ್ 8ರ ರಾತ್ರಿ ಕೊಲ್ಹಾಪುರದ ಕೇಶವರಾವ್ ಭೋಸಲೆ ನಾಟ್ಯಗೃಹಕ್ಕೆ ಬೆಂಕಿ ಬಿತ್ತು. 1915ರಲ್ಲಿ ಪ್ಯಾಲೇಸ್ ಥಿಯೇಟರ್ ಎಂದು ಶಾಹು ಮಹಾರಾಜರು ಕಟ್ಟಿಸಿಕೊಟ್ಟ ಮಂದಿರ. ಮರುದಿನವೇ ಭೋಸಲೆಯವರ ಜಯಂತಿ. ನಟನಟಿಯರು ಅತ್ತಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಸರ್ಕಾರ 20 ಕೋಟಿ ರೂಪಾಯಿ ಘೋಷಿಸಿತು, ಮತ್ತೆ ಕಟ್ಟುವ ಕೆಲಸ ಶುರುವಾಯಿತು. ಇದಕ್ಕೂ ಮುಂಚೆ ಕೊರೊನಾದಲ್ಲಿ ಮಹಾರಾಷ್ಟ್ರದ ನಾಟ್ಯಗೃಹಗಳು 2021ರ ಅಕ್ಟೋಬರ್ 22ರಂದು ತೆರೆಯುವವರೆಗೆ ತಿಂಗಳುಗಟ್ಟಲೆ ಮುಚ್ಚಿದ್ದವು. ಬೆಂಕಿ ಬಿದ್ದ ಮೇಲೆ ನಟರು ಇಚಲಕರಂಜಿಯ ಘೋರ್ಪಡೆ ನಾಟ್ಯಗೃಹವೋ ಸಾಂಗ್ಲಿಯ ಭಾವೆ ನಾಟ್ಯಮಂದಿರವೋ ಇನ್ನಾವುದೋ ದಾರಿ ಹುಡುಕಬಹುದು. ಒಂದೇ ಥಿಯೇಟರ್ ನಂಬಿದ ಲೈಟಿನವ, ಸೆಟ್ ಹೊರುವ ಹಮಾಲ, ತಿಕೀಟು ಹರಿಯುವವ ಎಲ್ಲಿಗೆ ಹೋಗಬೇಕು? ಕಟ್ಟಡದ ಹಾನಿಯ ಪಂಚನಾಮೆ ಆಗುತ್ತದೆ. ಇವರ ಹಾನಿಗೆ ಪಂಚನಾಮೆ ಇಲ್ಲ.

ನಾಟಕ ಆ ಕಡೆ, ಮನೆ ಈ ಕಡೆ

ಗಡಿಯ ಕನ್ನಡಿಗರಿಗೆ ಇನ್ನೊಂದು ಗಂಟು ಇದೆ. ಮನೆ ಜಯಸಿಂಗಪುರ, ಕುರುಂದವಾಡದಲ್ಲಿ. ಆಡಿದ ಆಟ ಅಥಣಿ, ರಾಯಬಾಗದಲ್ಲಿ. ಹ್ಯಾಂಡ್‌ಬಿಲ್ಲು ಕನ್ನಡದ್ದು, ಪರಿಶೀಲಿಸುವ ಜಿಲ್ಲಾ ಸಮಿತಿ ಮರಾಠಿಯದು. ಕರ್ನಾಟಕದಲ್ಲೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ಆದರೆ ಪ್ರಾಧಿಕಾರದ ನೆರವು ಹೆಚ್ಚಾಗಿ ಸಂಘಸಂಸ್ಥೆಗಳಿಗೆ, ಕಾರ್ಯಕ್ರಮಗಳಿಗೆ. ಶಾಲು ಹೊದಿಸುವ ಸಮಾರಂಭಕ್ಕೆ ಹಣ ಇದ್ದು, ಶಾಲು ಹೊದ್ದವರ ಔಷಧಕ್ಕೆ ಇಲ್ಲದಿದ್ದರೆ ಅದು ಹೆಚ್ಚಿನ ದಿನ ಶೋಭಿಸುವ ಮಾತಲ್ಲ. ಇಲ್ಲಿಯ ಕನ್ನಡ ಸಂಘಗಳು ವರ್ಷಕ್ಕೊಂದು ರಾಜ್ಯೋತ್ಸವ ಮಾಡುವ ಜೊತೆಗೆ ಹಿರಿಯರ ಅರ್ಜಿ ತುಂಬಿಸುವ ಒಂದು ದಿನ ಇಟ್ಟುಕೊಂಡರೆ ಖರ್ಚು ಪೆಂಡಾಲಿಗಿಂತ ಕಡಿಮೆ.

ಸದ್ಯ ಮನೆಮಂದಿ ಮಾಡಬಹುದಾದ ಕೆಲಸ ಇದೆ. ಆಟ ಆಡಿಸಿದ ಊರಿನ ಜಾತ್ರಾ ಕಮಿಟಿ, ಗ್ರಾಮ ಪಂಚಾಯಿತಿಗಳಿಂದ ಇಂಥ ಇಸವಿಯಲ್ಲಿ ಇಂಥ ಕೆಲಸ ಮಾಡಿದರು ಎಂದು ಪತ್ರ ಬರೆಸಿಕೊಳ್ಳಬೇಕು. ಕಮಿಟಿಯ ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ ಇದು. ಕನ್ನಡ ಕಾಗದದ ಜೊತೆಗೆ ಮರಾಠಿ ಅನುವಾದ ಹಚ್ಚಬೇಕು. ಕೆಲಸದ ಹೆಸರು ಬರೆಯುವಾಗ ಬರೀ ನಟ ಎಂದು ಬರೆದು ಉಳಿದ ವರ್ಷಗಳನ್ನು ಕಳೆದುಕೊಳ್ಳಬಾರದು. ಪೇಟಿ, ಪರದೆ, ಬಣ್ಣ, ತಾಲೀಮು ಎಲ್ಲವನ್ನೂ ಇಸವಿ ಸಹಿತ ಕೂಡಿಸಿದರೆ 15 ತುಂಬುತ್ತದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಹ್ಯಾಂಡ್‌ಬಿಲ್ಲು ಇದ್ದರೆ ರದ್ದಿಗೆ ಹಾಕಬೇಡಿ. ಫೋಟೊಗಳ ಕೆಳಗೆ, ಎಲ್ಲಕ್ಕೂ ಕಡೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಸಂಗೀತ, ಸೀನ್ಸ್, ಬಣ್ಣ ಎಂದು ಬರೆದು ಮುಂದೆ ಯಾರ ಹೆಸರಿದೆ ನೋಡಿ.